ಪಾಂಗ್ಲೋಸ್‌ನ ಮ್ವೊಟ್ಲಾಪ್ ಕತೆಗಳು: ಕಾಸರಗೋಡಿನ ಕಿವಿಗೆ ಎಷ್ಟು ದಕ್ಕುತ್ತದೆ?

ಮ್ವೊಟ್ಲಾಪ್ ಎಂದರೆ ವನುವಾಟು ದೇಶದ ಮೋಟ ಲಾವ ದ್ವೀಪದ ನುಡಿ, ಆಡುವವರು ಸುಮಾರು 2,100 ಮಂದಿ. ಭಾಷಾವಿಜ್ಞಾನಿ ಅಲೆಕ್ಸಾಂಡ್ರ್ ಫ್ರಾಂಸ್ವಾ ಅಲ್ಲಿ ಧ್ವನಿಮುದ್ರಿಸಿದ ಕತೆಗಳು ಫ್ರಾನ್ಸಿನ ಪಾಂಗ್ಲೋಸ್ ಎಂಬ ಆನ್‌ಲೈನ್ ಧ್ವನಿಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತವೆ. ವಾಕ್ಯಕ್ಕೊಂದು ಪ್ಲೇ ಬಟನ್, ಜೊತೆಗೆ ರೋಮನ್ ಲಿಪ್ಯಂತರ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಕತೆಗಾರರು ತಮ್ಮದೇ ವೇಗದಲ್ಲಿ ಹೇಳುತ್ತಾರೆ, ಪಾಠ ಮಾಡುವುದಿಲ್ಲ. ಹೊಸಬರಿಗೆ ಅದೇ ಕಷ್ಟ. ಕನ್ನಡ, ಮಲಯಾಳದ ಅನುವಾದವೂ ಇಲ್ಲ, ಫ್ರೆಂಚೋ ಇಂಗ್ಲಿಷೋ ಬೇಕು.

ನಮ್ಮವರು ಮೊದಲು ಮುಗ್ಗರಿಸುವುದು ಅಕ್ಷರದ ತಲೆಯ ಮೇಲಿನ ಗೆರೆಯಲ್ಲಿ. ಕನ್ನಡವನ್ನು ರೋಮನ್‌ನಲ್ಲಿ ಬರೆದು ರೂಢಿಯಾದವರಿಗೆ ಗೆರೆ ಎಂದರೆ ದೀರ್ಘ. ಇಲ್ಲಿ ದೀರ್ಘವೇ ಇಲ್ಲ! ಏಳು ಸ್ವರ, ಏಳೂ ಗಿಡ್ಡ. ‘ಅವನು, ಅವಳು’ ಎಂಬುದಕ್ಕಿರುವ ಪದದಲ್ಲಿ ರೋಮನ್ ‘ಇ’ (e) ಅಕ್ಷರಕ್ಕೆ ಗೆರೆಯಿದೆ ಎಂದು ‘ಕೇ’ ಎಂದು ಎಳೆದರೆ ಕೆಟ್ಟಿತು. ಬೇಕಾದದ್ದು ‘ಕಿ’ಗೂ ‘ಕೆ’ಗೂ ನಡುವಿನ ಸ್ವರ. ಗೆರೆಯ ‘ಒ’ ಕೂಡ ಹಾಗೆಯೇ, ಉ-ಒ ನಡುವೆ. ತುಳು ಬಲ್ಲವರಿಗೆ ಈ ಸಣ್ಣ ವ್ಯತ್ಯಾಸ ಬೇಗ ಹಿಡಿತಕ್ಕೆ ಬರಬಹುದು. ಅವರಿಗೆ ಎರಡು ಬಗೆಯ ಎಕಾರ ಹೊಸತಲ್ಲ.

ಗೆರೆ ಹೊತ್ತ ‘ಎನ್’ ನಮ್ಮ ಙ. ಸಂತೆಯಲ್ಲಿ ಮಲಯಾಳಿಗಳು ‘ಮಾಙ್ಙ’ ಎನ್ನುವುದನ್ನು ದಿನವೂ ಕೇಳುವವರಿಗೆ ಅದು ಕಷ್ಟವಲ್ಲ. ‘ಬಿ’, ‘ಡಿ’ಗಳ ಹಿಂದೆ ಮೂಗಿನ ಸದ್ದು ಅಂಟಿಕೊಂಡಿರುತ್ತದೆ: ‘ಕಂಬ’ದಿಂದ ‘ಕ’ ಕಿತ್ತುಹಾಕಿ ಉಳಿದದ್ದನ್ನು ಒಂದೇ ಏಟಿಗೆ ಹೇಳಿ.

ನಿಜವಾದ ಕಗ್ಗಂಟು ‘ಕ್ಯೂ’ ಮತ್ತು ಗೆರೆ ಹೊತ್ತ ‘ಎಮ್’. ‘ಕ್ಯೂ’ ಅಂದರೆ ಕ್ ಮತ್ತು ಪ್ ಒಟ್ಟಿಗೆ: ತುಟಿ ಮುಚ್ಚಿ, ಅದೇ ಹೊತ್ತಿಗೆ ನಾಲಗೆಯ ಬುಡ ಮೇಲೆತ್ತಿ, ಎರಡನ್ನೂ ಒಮ್ಮೆಲೇ ಬಿಡಿ, ತುಟಿ ಸ್ವಲ್ಪ ದುಂಡಗಿರಲಿ. ಒಂದರ ಹಿಂದೆ ಒಂದು ಬಿಟ್ಟರೆ ಕನ್ನಡದ ಒತ್ತಕ್ಷರವಾಗುತ್ತದೆ, ತುಟಿ ಮುಚ್ಚದಿದ್ದರೆ ‘ಕ್ವ’. ‘ಎಮ್’ ಕೂಡ ಹೀಗೇ, ಙ್ ಮತ್ತು ಮ್ ಜೊತೆಯಾಗಿ; ‘ಮನೆ’ ಎಂಬ ಪದದ ಕೊನೆಯಲ್ಲಿ ಅದೇ ಬರುತ್ತದೆ. ಅಲ್ಲಿ ಮುಂದೆ ಸ್ವರವಿಲ್ಲದ್ದರಿಂದ ಬರೀ ‘ಮ್’ ಎಂದು ಕೇಳಿದಂತಾಗುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಇದು ತಿಳಿಯುವುದೇ ಇಲ್ಲ. ವಯರಿನ ಹೆಡ್‌ಫೋನ್ ಹಾಕಿ, ಒಂದೇ ವಾಕ್ಯವನ್ನು ಹತ್ತು ಸಲ ಕೇಳಿ, ಆಮೇಲೆ ಕನ್ನಡಿ ಮುಂದೆ ನಿಂತು ತುಟಿ ಮುಚ್ಚಿತೇ ಎಂದು ನೋಡಿ.