ತಡವಾಗಿ ಬರೆದ ಗ್ರಾಹಕ ವಿಮರ್ಶೆ: 1948ರ ನವೆಂಬರ್ 3ರ ಚಿಕಾಗೋ ಟ್ರಿಬ್ಯೂನ್

ಉತ್ಪನ್ನದ ಹೆಸರು ಚಿಕಾಗೋ ಡೈಲಿ ಟ್ರಿಬ್ಯೂನ್. ತಯಾರಾದದ್ದು 1948ರ ನವೆಂಬರ್ 2ರಂದು, ಮತದಾನದ ದಿನವೇ. ಪುಟದ ಮೇಲಿರುವ ದಿನಾಂಕ ಮಾತ್ರ ನವೆಂಬರ್ 3, ಬುಧವಾರ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ನಡೆದ ಮೊದಲ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಬೆಳಗಾಗುವುದರೊಳಗೆ ಓದುಗರಿಗೆ ತಲುಪಿಸುವುದು ಅದರ ಉದ್ದೇಶವಾಗಿತ್ತು. ಅದು ತಲುಪಿಸಿದ್ದೂ ನಿಜ, ಆದರೆ ನಡೆಯದ ಫಲಿತಾಂಶವೊಂದನ್ನು. ‘ಡ್ಯೂಯಿ ಡಿಫೀಟ್ಸ್ ಟ್ರೂಮನ್’ ಎಂಬ ಮೂರು ಪದಗಳು ಪುಟದ ಈ ಅಂಚಿನಿಂದ ಆ ಅಂಚಿನವರೆಗೆ ಹಬ್ಬಿಕೊಂಡಿವೆ. ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರನ್ನು ನ್ಯೂಯಾರ್ಕಿನ ಗವರ್ನರ್ ಥಾಮಸ್ ಡ್ಯೂಯಿ ಸೋಲಿಸಿದ್ದಾರೆ ಎಂಬುದು ಅದರ ಸಾರ.

ಪುಟದ ನೆತ್ತಿಯ ಮೇಲೆ ‘ಜಗತ್ತಿನ ಅತಿಶ್ರೇಷ್ಠ ಪತ್ರಿಕೆ’ ಎಂಬ ಘೋಷವಾಕ್ಯ ರಾರಾಜಿಸುತ್ತದೆ. ಪತ್ರಿಕೆಯ ಒಡೆಯರಾದ ಕರ್ನಲ್ ರಾಬರ್ಟ್ ಮೆಕಾರ್ಮಿಕ್ ವಿನಯಕ್ಕೆ ಹೆಸರಾದವರಲ್ಲ. ಅವರ ಪತ್ರಿಕೆ ರಿಪಬ್ಲಿಕನ್ ಪಕ್ಷದ ಕಡೆಗಿದ್ದುದೂ, ಡೆಮಾಕ್ರಟಿಕ್ ಪಕ್ಷದ ಟ್ರೂಮನ್ ಅವರನ್ನು ಹಿಂದೊಮ್ಮೆ ಶತದಡ್ಡ ಎಂಬರ್ಥದಲ್ಲಿ ಜರೆದಿದ್ದುದೂ ಎಲ್ಲರಿಗೂ ತಿಳಿದ ಸಂಗತಿ. ಹಾಗೆಂದು ಈ ತಲೆಬರಹವನ್ನು ಬರಿಯ ಪಕ್ಷಪಾತದ ಫಲವೆಂದು ತಳ್ಳಿಹಾಕಿದರೆ ತಮಾಷೆಯ ಮುಕ್ಕಾಲು ಪಾಲು ಕೈತಪ್ಪಿಹೋಗುತ್ತದೆ. ಈ ತಪ್ಪಿನ ಬೇರು ಸಂಪಾದಕರ ಕೋಣೆಗಿಂತ ಹೆಚ್ಚಾಗಿ ಅಚ್ಚುಮನೆಯಲ್ಲಿತ್ತು.

1947ರಲ್ಲಿ ಅಮೆರಿಕದ ಸಂಸತ್ತು ಕಾರ್ಮಿಕ ಸಂಘಗಳ ಹಿಡಿತವನ್ನು ಸಡಿಲಿಸುವ ಟಾಫ್ಟ್-ಹಾರ್ಟ್ಲಿ ಕಾಯಿದೆಯನ್ನು ತಂದಿತು. ಟ್ರೂಮನ್ ಅದನ್ನು ತಮ್ಮ ವಿಶೇಷಾಧಿಕಾರದಿಂದ ತಡೆದರು. ರಿಪಬ್ಲಿಕನ್ನರ ಬಹುಮತವಿದ್ದ ಸಂಸತ್ತು ಆ ತಡೆಯನ್ನೂ ಮೀರಿ ಕಾಯಿದೆಯನ್ನು ಜಾರಿ ಮಾಡಿತು. ಅದನ್ನು ವಿರೋಧಿಸಿ ಚಿಕಾಗೋದ ಪತ್ರಿಕೆಗಳಲ್ಲಿ ಮೊಳೆ ಜೋಡಿಸುತ್ತಿದ್ದವರು ಅದೇ ವರ್ಷದ ನವೆಂಬರಿನಲ್ಲಿ ಮುಷ್ಕರ ಹೂಡಿದರು, ಚುನಾವಣೆಯ ಹೊತ್ತಿಗೂ ಆ ಮುಷ್ಕರ ಮುಗಿದಿರಲಿಲ್ಲ. ಅಚ್ಚಿನ ಸಾಲುಗಳನ್ನು ಎರಕಹೊಯ್ಯುವ ಲೈನೋಟೈಪ್ ಯಂತ್ರಗಳ ಮುಂದೆ ಕೂರುವವರಿಲ್ಲದ ಕಾರಣ ಟ್ರಿಬ್ಯೂನ್ ಬೇರೊಂದು ದಾರಿ ಹಿಡಿಯಿತು. ಸುದ್ದಿಯನ್ನು ಟೈಪ್‌ರೈಟರಿನಲ್ಲಿ ಕುಟ್ಟಿ, ಅದರ ಫೋಟೋ ತೆಗೆದು, ಆ ಫೋಟೋವನ್ನು ತಗಡಿನ ಮೇಲೆ ಕೊರೆಸಿ, ಬಳಿಕ ಮುದ್ರಣಕ್ಕೆ ಏರಿಸುವ ಸುತ್ತುಬಳಸಿನ ವಿಧಾನವದು. ಇಷ್ಟೆಲ್ಲ ಆಗಬೇಕಾದರೆ ಪುಟವನ್ನು ಮಾಮೂಲಿಗಿಂತ ಹಲವು ಗಂಟೆ ಮೊದಲೇ ಕಟ್ಟಬೇಕು. ಹಳ್ಳಿಗಾಡಿನ ಬಸ್ಸಿಗೆ ಹಾಕುವ ಡಾಕ್ ಎಡಿಷನ್ನಿನಲ್ಲಿ ರಾತ್ರಿಯ ಕ್ರಿಕೆಟ್ ಪಂದ್ಯದ ಫಲಿತಾಂಶ ಸಿಗದೆ ಗೊಣಗುವ ನಮ್ಮ ಓದುಗರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವೆಂದರೆ, ಡಾಕ್ ಎಡಿಷನ್ ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡಿರುತ್ತದೆ. ಟ್ರೂಮನ್ ಬೇಡವೆಂದ ಕಾಯಿದೆಯಿಂದ ಹುಟ್ಟಿದ ಮುಷ್ಕರವೇ ಟ್ರೂಮನ್ ಸೋತರೆಂದು ಬರೆಯುವ ಅವಸರವನ್ನು ಪತ್ರಿಕೆಯ ಮೇಲೆ ಹೇರಿತು. ಇಷ್ಟು ಅಚ್ಚುಕಟ್ಟಾದ ಕಥೆಯನ್ನು ಯಾವ ನಾಟಕಕಾರನಾದರೂ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

ಮತ ಎಣಿಕೆ ಸರಿಯಾಗಿ ಆರಂಭವಾಗುವ ಮೊದಲೇ ಮುಖ್ಯ ಶೀರ್ಷಿಕೆ ಬೇಕಾದಾಗ, ವ್ಯವಸ್ಥಾಪಕ ಸಂಪಾದಕ ಲಾಯ್ ಮಲೋನಿ ಅವರು ಮೊರೆಹೊಕ್ಕಿದ್ದು ವಾಷಿಂಗ್ಟನ್ ವರದಿಗಾರ ಆರ್ಥರ್ ಸಿಯರ್ಸ್ ಹೆನಿಂಗ್ ಅವರನ್ನು. ಹಿಂದಿನ ಐದು ಅಧ್ಯಕ್ಷೀಯ ಚುನಾವಣೆಗಳಲ್ಲಿ ನಾಲ್ಕರ ಫಲಿತಾಂಶವನ್ನು ಸರಿಯಾಗಿ ಊಹಿಸಿದ ಖ್ಯಾತಿ ಹೆನಿಂಗ್ ಅವರದು. ಅಂದಿನ ಗಾಳಿಯೂ ಅವರ ಕಡೆಗೇ ಬೀಸುತ್ತಿತ್ತು. ಜನಾಭಿಪ್ರಾಯ ಸಮೀಕ್ಷೆಯ ಎಲ್ಮೋ ರೋಪರ್ ಅವರಂತೂ ಸೆಪ್ಟೆಂಬರಿನಲ್ಲಿಯೇ, ಡ್ಯೂಯಿ ಗೆಲುವು ಖಚಿತವಾಗಿರುವಾಗ ಇನ್ನು ಕೇಳುವುದೇನಿದೆ ಎಂದು ಸಮೀಕ್ಷೆಯ ಅಂಗಡಿಯನ್ನೇ ಮುಚ್ಚಿದ್ದರು. ನ್ಯೂಸ್‌ವೀಕ್ ವಾರಪತ್ರಿಕೆ 50 ಮಂದಿ ರಾಜಕೀಯ ಬರಹಗಾರರನ್ನು ಕೇಳಿದಾಗ 50 ಮಂದಿಯೂ ಡ್ಯೂಯಿ ಹೆಸರನ್ನೇ ಹೇಳಿದ್ದರು. ನವೆಂಬರ್ 3ರ ಇತರ ಪತ್ರಿಕೆಗಳಲ್ಲಿ ಬಂದ ಅಂಕಣಕಾರ ಡ್ರೂ ಪಿಯರ್ಸನ್ ಅವರ ಬರಹವಾದರೂ ಏನು? ಶ್ವೇತಭವನಕ್ಕೆ ಬರಲಿರುವ ಡ್ಯೂಯಿ ಬಳಗದ ಪರಿಚಯ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರು ಟ್ರಿಬ್ಯೂನಿನವರೊಬ್ಬರೇ ಅಲ್ಲ. ಅವರ ಕುಲಾವಿ ಎಲ್ಲಕ್ಕಿಂತ ದೊಡ್ಡದಾಗಿತ್ತು, ಅಷ್ಟೆ.

ಈ ಪುಟವನ್ನು ಮೆಚ್ಚುವವರು ಹೆಚ್ಚಾಗಿ ದೊಡ್ಡ ಅಕ್ಷರಗಳಲ್ಲಿಯೇ ನಿಂತುಬಿಡುತ್ತಾರೆ. ನನ್ನ ಮಟ್ಟಿಗೆ ಹೆಚ್ಚು ರಸವಿರುವುದು ಉಪಶೀರ್ಷಿಕೆಯಲ್ಲಿ. ಅಲ್ಲಿ ಎರಡು ಮಾತುಗಳಿವೆ: ಇಲಿನಾಯ್ ರಾಜ್ಯದಲ್ಲಿ ರಿಪಬ್ಲಿಕನ್ನರು ಬಾಚಿಕೊಳ್ಳುವ ಸೂಚನೆ ಇದೆ, ಮತ್ತು ನಗರದಲ್ಲಿ ಬಾಯ್ಲ್ ಮುಂದಿದ್ದಾರೆ. ಮೊದಲನೆಯದು ಸಂಪೂರ್ಣ ಉಲ್ಟಾ ಹೊಡೆಯಿತು. ಗವರ್ನರ್ ಸ್ಥಾನಕ್ಕೆ ನಿಂತಿದ್ದ ಡೆಮಾಕ್ರಟಿಕ್ ಪಕ್ಷದ ಅಡ್ಲಾಯ್ ಸ್ಟೀವನ್‌ಸನ್ 5 ಲಕ್ಷ 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಸೆನೆಟ್ ಸ್ಥಾನವೂ ಅವರ ಪಕ್ಷದ ಪಾಲ್ ಡಗ್ಲಸ್ ಅವರಿಗೆ ಸಿಕ್ಕಿತು. ಟ್ರೂಮನ್ ಕೂಡ ಸಣ್ಣ ಅಂತರದಲ್ಲಾದರೂ ಆ ರಾಜ್ಯವನ್ನು ತಮ್ಮದಾಗಿಸಿಕೊಂಡರು. ಉಳಿದವರು ಬಾಯ್ಲ್. ಸರ್ಕಾರಿ ಅಭಿಯೋಜಕರ ಹುದ್ದೆಗೆ ಸ್ಪರ್ಧಿಸಿದ್ದ ಇವರು ಮುಂದಿದ್ದುದೂ ನಿಜ, ಕೊನೆಗೆ ಗೆದ್ದದ್ದೂ ನಿಜ. ತಲೆಬರಹದ ಸಾಲಿನಲ್ಲಿ ಮೂರು ಪ್ರತಿಪಾದನೆಗಳಿದ್ದು, ಎಲ್ಲಕ್ಕಿಂತ ಕಡೆಯದೂ ಚಿಕ್ಕದೂ ಆದ ಒಂದು ಮಾತ್ರ ಸರಿಯಾಯಿತು. ‘ಸೂಚನೆ ಇದೆ’, ‘ಮುಂದಿದ್ದಾರೆ’ ಎಂದು ಚಿಕ್ಕ ಸಾಲಿನಲ್ಲಿ ಎಚ್ಚರ ವಹಿಸಿದ ಉಪಸಂಪಾದಕರು ದೊಡ್ಡ ಸಾಲಿಗೆ ಬಂದಾಗ ಆ ಎಚ್ಚರವನ್ನು ಏಕೆ ಕೈಬಿಟ್ಟರು? ದೊಡ್ಡ ಅಕ್ಷರಕ್ಕೆ ‘ಬಹುಶಃ’ ಎಂಬ ಪದ ಒಗ್ಗುವುದಿಲ್ಲ ಎಂಬುದೇ ನನಗೆ ತೋಚುವ ಉತ್ತರ.

ರಾತ್ರಿ ಕಳೆದಂತೆ ಪೈಪೋಟಿ ಬಿಗಿಯಾಗುತ್ತಿದೆ ಎಂಬ ಸುದ್ದಿಗಳು ಬರತೊಡಗಿದವು, ಹೆನಿಂಗ್ ಅವರು ಪಟ್ಟು ಸಡಿಲಿಸಲಿಲ್ಲ. ಮುಖ್ಯ ವರದಿಯನ್ನು ತಿದ್ದಿ, ಡ್ಯೂಯಿ ಮುನ್ನಡೆ ಅಲ್ಪವೆಂದು ಬರೆದ ಮೇಲೂ ಅದರ ನೆತ್ತಿಯ ಮೇಲಿದ್ದ ಹಳೆಯ ತಲೆಬರಹ ಹಾಗೆಯೇ ಉಳಿಯಿತು. ಮೇಲಿನ ಸಾಲು ವಿಜಯೋತ್ಸವ ಆಚರಿಸುತ್ತಿದ್ದರೆ ಕೆಳಗಿನ ಸಾಲುಗಳು ಗಂಟಲು ಸರಿಮಾಡಿಕೊಳ್ಳುತ್ತಿದ್ದವು. ಕೊನೆಗೆ ‘ಎರಡು ನಕ್ಷತ್ರ’ ಎಂದು ಕರೆಯುತ್ತಿದ್ದ ನಂತರದ ಆವೃತ್ತಿಯಲ್ಲಿ ಶೀರ್ಷಿಕೆ ಬದಲಾಗಿ, ರಾಜ್ಯದ ಹುದ್ದೆಗಳೆಲ್ಲ ಡೆಮಾಕ್ರಟರ ಪಾಲಾದುವೆಂದು ಒಪ್ಪಿಕೊಂಡಿತು. ತಿದ್ದಿಕೊಂಡ ಮೇಲೂ ತನಗೆ ತಾನೇ ಎರಡೇ ನಕ್ಷತ್ರ ಕೊಟ್ಟುಕೊಂಡ ಉತ್ಪನ್ನಕ್ಕೆ ವಿಮರ್ಶಕರು ಇನ್ನೇನು ಹೇಳಬೇಕು! ಅಷ್ಟರಲ್ಲಿ ಸುಮಾರು 1,50,000 ಪ್ರತಿಗಳು ಅಚ್ಚಾಗಿ ಹೋಗಿದ್ದವು. ಅಂತಿಮ ಲೆಕ್ಕದಲ್ಲಿ ಟ್ರೂಮನ್ ಅವರಿಗೆ 303 ಚುನಾಯಕ ಮತಗಳು (ಅಧ್ಯಕ್ಷರು ಯಾರೆಂದು ತೀರ್ಮಾನಿಸುವ, ರಾಜ್ಯವಾರು ಹಂಚಿದ ಮತಗಳು), ಡ್ಯೂಯಿ ಅವರಿಗೆ 189.

ಆ ಪ್ರತಿಗಳಲ್ಲೊಂದು ಸೇಂಟ್ ಲೂಯಿ ರೈಲು ನಿಲ್ದಾಣದಲ್ಲಿ ಟ್ರೂಮನ್ ಕೈ ಸೇರಿತು. ವಾಷಿಂಗ್ಟನ್ನಿಗೆ ಮರಳುತ್ತಿದ್ದ ಅವರು ರೈಲುಬೋಗಿಯ ಹಿಂಬದಿಯಲ್ಲಿ ನಿಂತು, ಪತ್ರಿಕೆಯನ್ನು ಎರಡೂ ಕೈಗಳಿಂದ ಎತ್ತಿ ಹಿಡಿದು, ಹಲ್ಲು ಕಾಣುವಂತೆ ನಕ್ಕ ಚಿತ್ರ ಜಗತ್ತಿಗೆಲ್ಲ ಪರಿಚಿತ. ಯಾವ ಪತ್ರಿಕೆಗೂ ಇಷ್ಟು ದೊಡ್ಡ ಪ್ರಚಾರ ಕಾಸಿಲ್ಲದೆ ದಕ್ಕಿರಲಾರದು.

ಮಾರಾಟದ ನಂತರದ ಸೇವೆಯ ವಿಚಾರದಲ್ಲಿ ಪತ್ರಿಕೆಗೆ ಪೂರ್ಣ ಅಂಕ ಕೊಡಬೇಕೆನಿಸುತ್ತದೆ, ನಿಧಾನಗತಿಯೊಂದನ್ನು ಬಿಟ್ಟು. ತನ್ನನ್ನು ತಾನೇ ನೋಡಿ ನಗಲು ಕಲಿತ ಟ್ರಿಬ್ಯೂನ್, ಈ ತಲೆಬರಹದ ಪಡಿಯಚ್ಚಿರುವ ಫಲಕವೊಂದನ್ನು 25ನೆಯ ವರ್ಷದ ನೆನಪಿಗಾಗಿ ಟ್ರೂಮನ್ ಅವರಿಗೆ ಕೊಡಲು ಯೋಜಿಸಿತ್ತು. ಅದನ್ನು ಕೊಡುವ ಮೊದಲೇ, 1972ರ ಡಿಸೆಂಬರ್ 26ರಂದು, ಅವರು ತೀರಿಕೊಂಡರು. ಅವಸರದಿಂದ ಕೆಟ್ಟ ಪತ್ರಿಕೆ ಈ ಬಾರಿ ತಡಮಾಡಿ ಕೆಟ್ಟಿತು.

ಪುಟದ ಮರುಮುದ್ರಣಗಳು ಚೌಕಟ್ಟಿನೊಂದಿಗೂ ಚೌಕಟ್ಟಿಲ್ಲದೆಯೂ ಇಂದಿಗೂ ಮಾರಾಟಕ್ಕೆ ಸಿಗುತ್ತವೆ. ಗೋಡೆಗೆ ತೂಗುಹಾಕುವವರು ಅಗ್ಗವೆಂದು ತಲೆಬರಹವಷ್ಟೇ ಕಾಣುವ ಸಣ್ಣ ಪ್ರತಿಯನ್ನು ತರಬಾರದು. ಉಪಶೀರ್ಷಿಕೆಯೂ ಅದರ ಕೆಳಗಿನ ಅಂಕಣಗಳೂ ಕನ್ನಡಕವಿಲ್ಲದೆ ಓದಲು ಬರುವಷ್ಟು ದೊಡ್ಡದನ್ನೇ ಕೇಳಿ ಪಡೆಯಬೇಕು. ಬಾಯ್ಲ್ ಅವರ ಹೆಸರು ಓದಲಾಗದ ಪ್ರತಿಗೆ ಹಣ ಕೊಡುವುದು ದಂಡ.