ಬಂಗಾರದ ಮನುಷ್ಯ ವಿಶೇಷ ಸಂಚಿಕೆ ಹುಡುಕುತ್ತಿರುವ ಮುಂಬೈಯ ಅಭಿಮಾನಿಗಳಿಗೆ

ಬಂಗಾರದ ಮನುಷ್ಯ ಚಿತ್ರಕ್ಕೆಂದೇ ಮೀಸಲಾದ 1972ರ ಸಿನಿಮಾ ಪತ್ರಿಕೆಯ ವಿಶೇಷ ಸಂಚಿಕೆ ತನ್ನಲ್ಲಿದೆ ಎಂದು ಯಾರಾದರೂ ನಿಮಗೆ ಫೋನು ಮಾಡಿದರೆ, ಹಣ ಕಳುಹಿಸುವ ಮೊದಲು ದಯವಿಟ್ಟು ಇದನ್ನು ಓದಿ. ಮುಂಬೈಯಲ್ಲಿರುವ ನಾವು ಒಂಬತ್ತು ಮಂದಿ ಗೆಳೆಯರು ತಲಾ 500 ರೂಪಾಯಿ ಹಾಕಿ 4,500 ರೂಪಾಯಿಗೆ ಕೊಂಡ ಮೂವತ್ತೆರಡು ಪುಟಗಳು, ಈಚೆಗೆ ಕಂಪ್ಯೂಟರಿನಲ್ಲಿ ಜೋಡಿಸಿ ಮುದ್ರಿಸಿ ಹಳೆಯದರಂತೆ ಬಣ್ಣ ಹಚ್ಚಿದ ನಕಲು ಎಂದು ತಿಳಿದದ್ದು ಹಣ ಹೋದ ಮೇಲೆ. ಪತ್ರಿಕೆಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಆ ನಕಲಿಗೇ ಬೇಡಿಕೆ ಹೆಚ್ಚೀತು.

ಈ ಸಂಚಿಕೆಯ ಹುಚ್ಚು ನಮಗೆ ಹಿಡಿದದ್ದು ಹಿರಿಯರಿಂದ. ಕೋಟೆ ಭಾಗದ ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನನ್ನ ತಂದೆಯವರು, ಊರಿಗೆ ಹೋದವರು ತರುತ್ತಿದ್ದ ಸಿನಿಮಾ ಪತ್ರಿಕೆಗಳನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದರಂತೆ. ಖೋಲಿ ಬದಲಾಯಿಸುವಾಗ ಎಲ್ಲವೂ ರದ್ದಿವಾಲಾನ ತಕ್ಕಡಿಗೆ ಹೋದವು. ಮುಂಬೈಯಲ್ಲಿ ಹಳೆಯ ಕನ್ನಡ ಪತ್ರಿಕೆಗಳ ಗತಿಯೇ ಅದು. ಲಿಪಿ ಓದಲು ಬಾರದವನಿಗೆ ಅದು ಕಿಲೋ ಲೆಕ್ಕದ ಕಾಗದ ಮಾತ್ರ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಿಂದಿ ಚಿತ್ರಗಳ ಪೋಸ್ಟರುಗಳು ಬೇಕಾದಷ್ಟಿವೆ, ಫೌಂಟನ್ನಿನ ಪಾದಚಾರಿ ಹಾದಿಯಲ್ಲಿ ಇಂಗ್ಲಿಷ್ ಪುಸ್ತಕಗಳ ರಾಶಿಯಿದೆ. ಎರಡು ವರ್ಷ ಅಲೆದರೂ ನಮಗೆ ಬೇಕಾದದ್ದು ಸಿಗಲಿಲ್ಲ. ಇಷ್ಟು ಹಸಿದವರನ್ನು ಮೋಸಗೊಳಿಸಲು ದೊಡ್ಡ ಜಾಣತನವೇನೂ ಬೇಕಾಗಿರಲಿಲ್ಲವೆಂದು ಈಗ ಅನ್ನಿಸುತ್ತದೆ.

ಮಾರುವವನು ಕುಂದಾಪುರದ ಕಡೆಯ ಕನ್ನಡದಲ್ಲಿ ಮಾತನಾಡಿದನು. ಅರ್ಧ ಹಣ ಮೊದಲು, ಉಳಿದದ್ದು ಪುಸ್ತಕ ನೋಡಿದ ಮೇಲೆ ಎಂದಾಗ, “ದುಡ್ಡ್ ಎಲ್ಲಿಗ್ ಹೋತ್ತ್ ಮಾರಾಯ್ರೆ, ನಾವೆಲ್ಲ ಒಂದೇ ಊರಿನೋರಲ್ದಾ?” ಎಂದು ನಕ್ಕನು. ಆ ಒಂದು ಮಾತಿಗೆ ನಾನು ಸೋತೆ. ಒಳಪುಟಗಳ ಚಿತ್ರ ಕೇಳಿದ್ದಕ್ಕೆ, ಬಿಡಿಸಿದರೆ ಕಾಗದ ಮುರಿಯುತ್ತದೆಂದು ಹೇಳಿ ಮುಖಪುಟದ ಫೋಟೊ ಮಾತ್ರ ಕಳುಹಿಸಿದನು. ಪೂರ್ತಿ ಹಣವನ್ನು ಯುಪಿಐ ಮೂಲಕ ಅಂದೇ ಕಳುಹಿಸಿದೆ.

ಕೊರಿಯರಿನಲ್ಲಿ ಬಂದ ಕಟ್ಟು ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಚಹಾದ ವಾಸನೆ. ಹಳೆಯ ಅಗ್ಗದ ಕಾಗದ ಅಂಚಿನಿಂದ ಒಳಕ್ಕೆ ಕಂದುತ್ತಾ ಹೋಗುತ್ತದೆ, ಅಂಚು ಕಪ್ಪಾದರೂ ನಡುಭಾಗ ಒಂದಿಷ್ಟು ತಿಳಿಯಾಗಿರುತ್ತದೆ. ಇಲ್ಲಿ ಪ್ರತಿ ಪುಟವೂ ಒಂದೇ ಸಮನಾಗಿ, ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದಂತೆ ಇತ್ತು. ಬೆನ್ನಿನ ಎರಡು ಸ್ಟೇಪ್ಲರ್ ಪಿನ್ನುಗಳು ಹೊಳೆಯುತ್ತಿದ್ದವು. ಐವತ್ತು ಮಳೆಗಾಲ ಕಂಡ ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೂ ಕೆಂಪಾಗಿಸದೆ ಬಿಡುವುದಿಲ್ಲ. ಅಚ್ಚುಮೊಳೆಯಲ್ಲಿ ಮುದ್ರಿಸಿದ ಪುಟದ ಹಿಂಬದಿಗೆ ಬೆರಳಾಡಿಸಿದರೆ ಅಕ್ಷರಗಳ ಒತ್ತು ಸಣ್ಣಗೆ ತಾಗುತ್ತದೆ, ಇಲ್ಲಿ ಗಾಜಿನ ನುಣುಪು. ಎಲ್ಲಕ್ಕಿಂತ ನಾಚಿಕೆಯಾದದ್ದು ಮುಖಪುಟದಲ್ಲಿ. ಫೋಟೊದಲ್ಲಿ ಕಂಡು ನಾವು ಅಯ್ಯೋ ಎಂದಿದ್ದ ಕೆಳಮೂಲೆಯ ಹರುಕು ನಿಜವಾದ ಹರುಕೇ ಅಲ್ಲ, ಮುದ್ರಿಸಿದ ಚಿತ್ರ. ಉಗುರಿನಿಂದ ಕೆರೆದರೂ ಕಾಗದ ಏಳಲಿಲ್ಲ.

ಇಷ್ಟಾದರೂ ನಮ್ಮಲ್ಲಿ ಇಬ್ಬರು ನಂಬಲು ಸಿದ್ಧರಿರಲಿಲ್ಲ. ಅವರ ಬಾಯಿ ಕಟ್ಟಿದ್ದು ಒಳಗಿನ ಬರಹವೇ. ಚಿತ್ರ ತೆರೆಕಂಡದ್ದು 1972ರ ಮಾರ್ಚ್ 31ರಂದು, ಸಂಚಿಕೆಯ ಮೇಲಿದ್ದ ತಿಂಗಳು ಅದೇ ವರ್ಷದ ಮೇ. ಆದರೆ ಮುದ್ರಕರ ಹಾಗೂ ಪ್ರಕಾಶಕರ ವಿಳಾಸದ ಸಾಲಿನಲ್ಲಿ ಬೆಂಗಳೂರಿನ ಮುಂದೆ ಆರಂಕಿಯ ಪಿನ್ ಕೋಡ್ ಇತ್ತು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಮೊದಲು ಬೆಂಗಳೂರು–9 ಎಂಬಂತೆ ಬರೆಯುವುದು ರೂಢಿ. ಸಂಪಾದಕೀಯದಲ್ಲಿ ‘ಕರ್ನಾಟಕ ರಾಜ್ಯದ ಮೂಲೆಮೂಲೆಯಲ್ಲಿ’ ಎಂದಿತ್ತು. ಮೈಸೂರು ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಪ್ರತಿ ಪುಟದಲ್ಲೂ ‘ಡಾ. ರಾಜಕುಮಾರ್’! ಮೈಸೂರು ವಿಶ್ವವಿದ್ಯಾಲಯ ಅಣ್ಣಾವ್ರಿಗೆ ಗೌರವ ಡಾಕ್ಟರೇಟ್ ನೀಡಿದ್ದು 1976ರಲ್ಲಿ. ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಸಂಗತಿಯನ್ನು, ಬಿಡುಗಡೆಯಾಗಿ ಎರಡು ತಿಂಗಳೂ ತುಂಬದ ಸಂಚಿಕೆ ಹೊಗಳುತ್ತಿತ್ತು. ಇದನ್ನು ಜೋಡಿಸಿದವನಿಗೆ ಅಣ್ಣಾವ್ರ ಮೇಲೆ ಪ್ರೀತಿ ಇರಲಿಲ್ಲವೆಂದೇ ನನ್ನ ಅಭಿಪ್ರಾಯ. ಇದ್ದಿದ್ದರೆ ಇಷ್ಟು ಅಸಡ್ಡೆ ಮಾಡುತ್ತಿರಲಿಲ್ಲ.

ಆದ್ದರಿಂದ ಹಣ ಕೊಡುವ ಮೊದಲು ಮುದ್ರಕರ, ಪ್ರಕಾಶಕರ ಹೆಸರು ಮತ್ತು ಊರು ಇರುವ ಸಾಲಿನ ಸ್ಪಷ್ಟ ಫೋಟೊ ಕೇಳಿ. ಕಾನೂನಿನಂತೆ ಆ ಸಾಲು ಪ್ರತಿ ಸಂಚಿಕೆಯಲ್ಲೂ ಇರಲೇಬೇಕು. ಪಿನ್ನುಗಳ ಹತ್ತಿರದ ಫೋಟೊ, ನಡುಪುಟದ ಫೋಟೊ ಕೂಡ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ. ಸಾಧ್ಯವಿದ್ದರೆ ಅದೇ ಪತ್ರಿಕೆಯ ಅದೇ ವರ್ಷದ ಇನ್ನಾವುದಾದರೂ ಸಂಚಿಕೆಯನ್ನು ಪಕ್ಕದಲ್ಲಿಟ್ಟು ನೋಡಿ. ಡೊಂಬಿವಲಿಯ ಹಿರಿಯರೊಬ್ಬರ ಕಪಾಟಿನಲ್ಲಿ ಅಂಥ ಒಂದು ಪ್ರತಿ ನಮಗೆ ಸಿಕ್ಕಿತು, ಆದರೆ ಹಣ ಹೋದ ಹತ್ತನೆಯ ದಿನ. ಬೆಲೆ ಅಚ್ಚಾದ ಜಾಗದಿಂದ ಹಿಡಿದು ಅಂಕಣದ ಅಗಲದವರೆಗೆ ಯಾವುದೂ ತಾಳೆಯಾಗಲಿಲ್ಲ.

ಹಣದ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. ಮೋಸವೆಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು. ಊರಿನವನು, ಮಾತನಾಡಿ ಸರಿಮಾಡೋಣವೆಂದು ನಾನು ಮತ್ತೆರಡು ದಿನ ಕಳೆದೆ. ಹಣ ಮರಳಿಸುತ್ತೇನೆಂದು ಅವನು ಒಂದು ಕ್ಯೂಆರ್ ಕೋಡ್ ಕಳುಹಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿರೆಂದನು. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲವೆಂದು ಮಗಳು ಕೈ ಹಿಡಿದು ತಡೆಯದಿದ್ದರೆ ಇನ್ನೊಂದು ಪಟ್ಟು ಹೋಗುತ್ತಿತ್ತು. ಆಮೇಲೆ ಅವನ ಫೋನು ಹತ್ತಲಿಲ್ಲ.

ನಕಲನ್ನು ಬೇರೆ ಯಾರಿಗಾದರೂ ಮಾರಿ ಹಣ ಮಾಡಿಕೊಳ್ಳೋಣವೆಂದು ನಮ್ಮವರೊಬ್ಬರು ಅರ್ಧ ತಮಾಷೆಗೆ ಹೇಳಿದರು. ಅಂದೇ ಕುಳಿತು ಮೂವತ್ತೆರಡು ಪುಟಗಳ ಮೇಲೂ ಕೆಂಪು ಶಾಯಿಯಲ್ಲಿ ‘ನಕಲು’ ಎಂದು ಬರೆದಿದ್ದೇನೆ. ಆದರೆ ಕಳೆದ ವಾರ ಥಾಣೆಯ ಗೆಳೆಯರೊಬ್ಬರಿಗೆ ಬೇರೊಂದು ಹೆಸರಿನಿಂದ ಅದೇ ಸಂಚಿಕೆಯ ಫೋಟೊ ಬಂದಿದೆ. ಬೆಲೆ 7,500 ರೂಪಾಯಿ. ಕೆಳಮೂಲೆಯಲ್ಲಿ ಅದೇ ಹರುಕು.