ಒಂದನೇ ಪಿನ್ ಎಲ್ಲಿದೆ ಎಂದು ಕೇಳುವವರು

ಅಡಿಕೆ ತೋಟದ ಪಂಪ್‌ಸೆಟ್ಟಿಗಾಗಿ ನಾನು ವಿನ್ಯಾಸ ಮಾಡಿದ 20 ಸರ್ಕ್ಯೂಟ್ ಬೋರ್ಡುಗಳ ಜೋಡಣೆಯನ್ನು ಶಿರಸಿಯ ಒಂದು ಚಿಕ್ಕ ಘಟಕಕ್ಕೆ ಒಪ್ಪಿಸಿದ್ದೆ. ಫೈಲು ತಲುಪಿದ ಮರುದಿನವೇ ಫೋನ್ ಮಾಡಿ, "ನಿಮ್ಮ ಲೈಬ್ರರಿಯಲ್ಲಿ ಸೊನ್ನೆ ಡಿಗ್ರಿ ಅಂದರೆ ಒಂದನೇ ಪಿನ್ ಮೇಲಿನ ಎಡಮೂಲೆಗೋ, ಕೆಳಗಿನ ಎಡಮೂಲೆಗೋ ಸರ್?" ಎಂದು ಕೇಳಿದಾಗಲೇ ಅವರ ಮೇಲೆ ನಂಬಿಕೆ ಹುಟ್ಟಿತು. ಲೈಬ್ರರಿ ಎಂದರೆ ವಿನ್ಯಾಸದ ತಂತ್ರಾಂಶದಲ್ಲಿ ಪ್ರತಿ ಬಿಡಿಭಾಗದ ನಕ್ಷೆ ಇರುವ ಸಂಗ್ರಹ; ಸೊನ್ನೆ ಡಿಗ್ರಿ ಎಂದರೆ ಅಲ್ಲಿ ಆ ಭಾಗವನ್ನು ತಿರುಗಿಸದೆ ಇಟ್ಟ ಸ್ಥಿತಿ; ಒಂದನೇ ಪಿನ್ ಎಂದರೆ ಕಾಲುಗಳ ಎಣಿಕೆ ಶುರುವಾಗುವ ಕಾಲು. ಐಇಸಿ 61188-7 ಎಂಬ ಅಂತರರಾಷ್ಟ್ರೀಯ ಮಾನದಂಡವು ಇವೆರಡಕ್ಕೂ ಎ ಮತ್ತು ಬಿ ಎಂಬ ಹಂತಗಳಲ್ಲಿ ಅವಕಾಶ ಕೊಟ್ಟಿರುವುದರಿಂದ, ಯಾವುದನ್ನು ಅನುಸರಿಸಿದ್ದೇವೆಂದು ತಿಳಿಸದಿದ್ದರೆ ಐಸಿಗಳು (ಚಿಪ್‌ಗಳು) 90 ಡಿಗ್ರಿ ತಿರುಗಿ ಕೂರುವ ಅಪಾಯವಿದೆ. ಹಿಂದೆ ಬೇರೊಂದು ಕಡೆ ಹಾಗೆಯೇ ಆಗಿ, ನಾಲ್ಕೂ ಬದಿ ಕಾಲುಗಳಿರುವ ಚೌಕ ಐಸಿಗಳನ್ನು ಬಿಸಿಗಾಳಿ ಹಿಡಿದು ಒಂದೊಂದಾಗಿ ಕಿತ್ತು, ನಾನೇ ಮತ್ತೆ ಬೆಸುಗೆ ಹಾಕಬೇಕಾಯಿತು. ಇಲ್ಲಿ ಮೊದಲು ಒಂದೇ ಬೋರ್ಡನ್ನು ಜೋಡಿಸಿ, ಡಯೋಡಿನ ಕ್ಯಾಥೋಡ್ (ಋಣ ತುದಿ) ತೋರಿಸುವ ಪಟ್ಟಿಯೂ ಒಂದನೇ ಪಿನ್ ತೋರಿಸುವ ಐಸಿಯ ಚುಕ್ಕೆಯೂ ಸ್ಪಷ್ಟವಾಗಿ ಕಾಣುವ ಫೋಟೊ ಕಳುಹಿಸಿ, ನಾನು ಒಪ್ಪಿದ ಮೇಲೆಯೇ ಉಳಿದವನ್ನು ಕೈಗೆತ್ತಿಕೊಂಡರು. ಎಲ್‌ಇಡಿಗಳ ಗುರುತು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆಂದು ಅವುಗಳನ್ನು ಮೀಟರ್ ಇಟ್ಟು ಪರೀಕ್ಷಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ದರ ತುಸು ಹೆಚ್ಚು. ನಮ್ಮ ಕಡೆಯ ಮಳೆಗಾಲಕ್ಕೆ ಪ್ಯಾಕಿಂಗ್ ಇನ್ನಷ್ಟು ಭದ್ರವಾಗಿರಬೇಕಿತ್ತು. ಆದರೆ 20 ಬೋರ್ಡುಗಳಲ್ಲಿ ಒಂದು ಭಾಗವೂ ತಿರುವುಮುರುವಾಗಿರಲಿಲ್ಲ, ಮುಂದಿನ ಕೆಲಸವನ್ನೂ ಇವರಿಗೇ ಕೊಡುತ್ತಿದ್ದೇನೆ.